ಕಿವಿಯಾಗಿ ನಡೆಯುವ ನಾಯಿಯ ವೆಸ್ಟ್ ಮೇಲೆ ಏನು ಬರೆಸಲಿ?

ಪ್ರಶ್ನೆ, ಹುಬ್ಬಳ್ಳಿಯಿಂದ:
ಆರು ವರ್ಷಗಳ ಹಿಂದೆ ಜ್ವರ ಬಂದು ನನ್ನ ಎರಡೂ ಕಿವಿ ಹೋದವು. ಈಗ ಕುಕ್ಕರಿನ ಸೀಟಿ, ಬಾಗಿಲ ಗಂಟೆ, ಬೆನ್ನ ಹಿಂದಿನ ಆಟೋ ಹಾರ್ನ್ ಎಲ್ಲವನ್ನೂ ನನ್ನ ನಾಯಿ ಚಂಪಿ ಮೂಗಿನಿಂದ ನನ್ನ ಮೊಣಕಾಲು ತಟ್ಟಿ ತಿಳಿಸುತ್ತಾಳೆ. ಲ್ಯಾಬ್ರಡಾರ್ ಜಾತಿ. ತರಬೇತಿಗೇ ಒಂದೂವರೆ ವರ್ಷ ಹಿಡಿಯಿತು.

ಕಳೆದ ವಾರ ಚಂಪಿಯ ಜೊತೆ ಹೋದಾಗ ದುರ್ಗದಬೈಲಿನ ಹತ್ತಿರ ಒಂದು ಔಷಧ ಅಂಗಡಿಯವರು ಏನೋ ಹೇಳಿದರು. ಮಾಸ್ಕ್ ಹಾಕಿದ್ದರಿಂದ ಅವರ ತುಟಿ ಕಾಣಲಿಲ್ಲ. ನಾನು ಮುಂದಕ್ಕೆ ನಡೆದೆ. ಹೇಳಿದರೂ ಕೇಳದ ಹೆಂಗಸು ಎಂದುಕೊಂಡರೇನೋ, ತೋಳು ಹಿಡಿದು ಹೊರಗೆ ಕಳುಹಿಸಿದರು. ಆ ಸಂಜೆ ಊಟ ಸೇರಲಿಲ್ಲ. ಕುರುಡುತನಕ್ಕೆ ಬಿಳಿ ಕೋಲಿದೆ. ಕಿವುಡು ಯಾರ ಕಣ್ಣಿಗೂ ಬೀಳುವುದಿಲ್ಲ. ಆನ್‌ಲೈನಿನಲ್ಲಿ ನಾನು ನೋಡಿದ, ಇಂಥ ನಾಯಿಗಳಿಗೆ ತೊಡಿಸುವ ವೆಸ್ಟ್‌ಗಳ ಮೇಲೆಲ್ಲ ಇಂಗ್ಲಿಷ್ ಬರಹವೇ. ಕನ್ನಡದಲ್ಲಿ ಏನು ಬರೆಸಲಿ?

ಉತ್ತರ, ಧಾರವಾಡದಿಂದ:
ಮಗನ ಮನೆಗೆಂದು ಅಮೆರಿಕದಲ್ಲಿ ಕೆಲವು ತಿಂಗಳಿದ್ದೆ. ಅಲ್ಲಿನ 1990ರ ಅಂಗವಿಕಲರ ಕಾಯ್ದೆಯಡಿ ವೆಸ್ಟ್ ಕಡ್ಡಾಯವಲ್ಲ. ನಾಯಿಯ ಕೆಲಸ ತಾನಾಗಿ ತಿಳಿಯದಿದ್ದರೆ ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ? ಯಾವ ಕೆಲಸಕ್ಕೆ ತರಬೇತಿ ಪಡೆದಿದೆ? ಕಾಗದಪತ್ರ ಕೇಳುವಂತಿಲ್ಲ. ವೆಸ್ಟ್ ಅನ್ನು ಯಾರು ಬೇಕಾದರೂ ಕೊಳ್ಳಬಹುದು, ಅದು ಪುರಾವೆಯಲ್ಲ. ನಮ್ಮ 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಶ್ರವಣದೋಷವೂ ಇದೆ. ನಿಮ್ಮ ಗುರುತಿನ ಚೀಟಿ ಜೊತೆಗಿರಲಿ.

ಉತ್ತರ, ಗದಗದಿಂದ:
ನಾನು ದರ್ಜಿ. ಎದುರಿಗೆ ನಿಂತವರ ಕಣ್ಣು ಮೊದಲು ಬೀಳುವುದು ನಾಯಿಯ ಬೆನ್ನಿನ ಮೇಲೆ, ಪಕ್ಕೆಯ ಮೇಲಲ್ಲ. ಆದ್ದರಿಂದ ದೊಡ್ಡ ಅಕ್ಷರ ಬೆನ್ನಿಗೇ ಬರಲಿ, ಹಳದಿ ಬಟ್ಟೆಯ ಮೇಲೆ ಕಪ್ಪು ದಾರ. ಮೂರು ನಾಲ್ಕು ಪದ ಸಾಕು. ಜಾಲರಿ ಬಟ್ಟೆ ಹಾಕಿಸಿ, ಹೊಟ್ಟೆಯ ಭಾಗ ತೆರೆದಿರಲಿ. ನಮ್ಮ ಏಪ್ರಿಲ್ ಬಿಸಿಲಿಗೆ ದಪ್ಪ ಬಟ್ಟೆ ಆ ಜೀವಕ್ಕೆ ಹಿಂಸೆ. ಅಂಚಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಮರೆಯಬೇಡಿ.

ಉತ್ತರ, ಹಾವೇರಿಯಿಂದ:
"ನನಗೆ ಕಿವಿ ಕೇಳಿಸುವುದಿಲ್ಲ" ಎಂದು ಮಾತ್ರ ಬರೆಸಬೇಡಿ ತಾಯಿ. ಒಂಟಿಯಾಗಿ ಓಡಾಡುವವರು ನೀವು. ಹಿಂದಿನಿಂದ ಬರುವ ಕಳ್ಳನಿಗೂ ಅದು ಓದಲು ಸಿಗುತ್ತದೆ.

ಪ್ರಶ್ನೆ ಕೇಳಿದವರು:
ಹಾವೇರಿಯವರ ಮಾತು ಓದಿ ಬಹಳ ಹೊತ್ತು ಯೋಚಿಸಿದೆ. ಹೌದು, ಆ ಭಯ ನನಗೂ ಇದೆ. ಆದರೆ ಬಚ್ಚಿಟ್ಟುಕೊಂಡರೆ ಮತ್ತೆ ತೋಳು ಹಿಡಿಸಿಕೊಳ್ಳಬೇಕು. ಅದಕ್ಕೇ ಬೆನ್ನಿನ ಮೇಲೆ "ಕೆಲಸದಲ್ಲಿದ್ದೇನೆ, ಮುಟ್ಟಬೇಡಿ" ಎಂದಷ್ಟೇ ಬರೆಸುತ್ತೇನೆ. ಬಿಸ್ಕತ್ತು ಹಿಡಿದು ಕರೆಯುವವರಿಂದ ಅವಳ ಗಮನ ತಪ್ಪಿ ನಾನೊಮ್ಮೆ ಹಾರ್ನ್ ತಿಳಿಯದೆ ಬಸ್ಸಿನ ಮುಂದೆ ನಿಂತಿದ್ದೆ. ಪಕ್ಕೆಗೆ ಮಡಚುವ ಒಂದು ಪಟ್ಟಿ. ಒಳಗೆ "ನನಗೆ ಕೇಳಿಸುವುದಿಲ್ಲ, ದಯವಿಟ್ಟು ಬರೆದು ತೋರಿಸಿ". ಬೇಕಾದಾಗ ನಾನೇ ಬಿಡಿಸಿ ತೋರಿಸುತ್ತೇನೆ. ಗದಗದವರೇ, ಚಂಪಿಯ ಎದೆಯ ಸುತ್ತಳತೆ 28 ಅಂಗುಲ. ಹೊಲಿದು ಕೊಡುವಿರಾ?