ದುಬೈ ಶಾಲೆಯಲ್ಲಿ ಟೀಚರ್ ಕೆಲಸ, ವಿಸಿಟ್ ವೀಸಾದಲ್ಲಿ ಬನ್ನಿ ಅಂತಿದ್ದಾರೆ. ಹೋಗಬಹುದಾ?

ಬಂಗಾರಪೇಟೆ_ಗಣಿತ

ಎಲ್ಲರಿಗೂ ನಮಸ್ಕಾರ. ನಾನು ಬಂಗಾರಪೇಟೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಬಿ.ಎಸ್ಸಿ., ಬಿ.ಎಡ್. ಎರಡೂ ಕೋಲಾರದಲ್ಲೇ ಮಾಡಿದ್ದು. ಈಗ ದುಬೈನ ಒಂದು ಸಿಬಿಎಸ್‌ಇ ಶಾಲೆಗೆ ವಿಡಿಯೊ ಕಾಲ್‌ನಲ್ಲಿ ಇಂಟರ್‌ವ್ಯೂ ಆಗಿ ಸೆಲೆಕ್ಟ್ ಆಗಿದ್ದೀನಿ ಅಂತ ಏಜೆಂಟ್ ಹೇಳಿದ್ದಾರೆ. ಸಂಬಳ 4,500 ದಿರ್ಹಮ್. ಆಗಸ್ಟ್ ಕೊನೆಗೆ ಅಲ್ಲಿರಬೇಕಂತೆ.

ಏಜೆಂಟ್ ಕೇಳ್ತಿರೋದು ಒಂದೂವರೆ ಲಕ್ಷ, ಅರ್ಧ ಈಗಲೇ. ಮೊದಲು ವಿಸಿಟ್ ವೀಸಾದಲ್ಲಿ ಬನ್ನಿ, ಕ್ಲಾಸ್ ಶುರು ಮಾಡಿ, ಆಮೇಲೆ ಶಾಲೆಯವರೇ ಬದಲಾಯಿಸಿ ಕೊಡ್ತಾರೆ ಅಂತಾರೆ. ಒರಿಜಿನಲ್ ಸರ್ಟಿಫಿಕೇಟ್‌ಗಳನ್ನೂ ಅವರ ಕೈಗೆ ಕೊಡಬೇಕಂತೆ. ಆಫರ್ ಲೆಟರ್ ಅಂತ ವಾಟ್ಸ್‌ಆಪ್‌ನಲ್ಲಿ ಒಂದು ಫೋಟೊ ಕಳಿಸಿದ್ದಾರೆ, ಅದರಲ್ಲಿ ಒಟ್ಟು ಮೊತ್ತ ಬಿಟ್ಟರೆ ಏನೂ ಇಲ್ಲ.

ನಮ್ಮ ಯಜಮಾನರು ಟೊಮ್ಯಾಟೊ ಬೆಳೀತಾರೆ. ಬೆಲೆ ಸಿಕ್ಕಿದ ವರ್ಷ ಸಿಕ್ಕಿತು, ಇಲ್ಲದ ವರ್ಷ ಕೊಯ್ಯೋ ಕೂಲಿ ಕೂಡ ಹುಟ್ಟಲ್ಲ, ನಿಮಗೆ ಗೊತ್ತೇ ಇದೆ. ಅದಕ್ಕೇ ಈ ಯೋಚನೆ. ಮಗಳು ಮೂರನೇ ಕ್ಲಾಸು, ಸದ್ಯಕ್ಕೆ ಅತ್ತೆ ನೋಡಿಕೊಳ್ತಾರೆ. ಇಲ್ಲಿ ರಾಜೀನಾಮೆ ಕೊಡೋಕೆ ಮುಂಚೆ ಏನೇನು ನೋಡಬೇಕು? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಮುಳಬಾಗಿಲು_ಮೇಷ್ಟ್ರು

ಮೇಡಂ, ಒಂದು ರೂಪಾಯಿನೂ ಕೊಡಬೇಡಿ, ರಾಜೀನಾಮೆನೂ ಕೊಡಬೇಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ನಾನು ದುಬೈನಲ್ಲಿ ಫಿಸಿಕ್ಸ್ ಹೇಳಿಕೊಟ್ಟು ವಾಪಸ್ ಬಂದವನು. ಯುಎಇಯಲ್ಲಿ 2022ರ ಫೆಬ್ರವರಿಯಿಂದ ಜಾರಿಯಲ್ಲಿರೋ ಕಾರ್ಮಿಕ ಕಾನೂನಿನ ಪ್ರಕಾರ ನಿಮ್ಮನ್ನು ಕೆಲಸಕ್ಕೆ ಕರೆಸೋ ಖರ್ಚು ಪೂರ್ತಿ ಮಾಲೀಕರದ್ದು. ವೀಸಾ, ಕೆಲಸದ ಪರ್ಮಿಟ್, ಯಾವುದಕ್ಕೂ ನಿಮ್ಮ ಹತ್ತಿರ ವಸೂಲಿ ಮಾಡೋ ಹಾಗಿಲ್ಲ. ಇಲ್ಲಿ ನಮ್ಮ ದೇಶದ ಕಡೆಯಿಂದ ನೋಡಿದರೂ ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ, ಅದಕ್ಕೂ ರಸೀದಿ ಕೊಡಬೇಕು. ಒಂದೂವರೆ ಲಕ್ಷ ಯಾವ ಲೆಕ್ಕ? ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಲೈಸೆನ್ಸ್ ಇರೋ ಏಜೆಂಟ್‌ಗಳ ಪಟ್ಟಿ ಇದೆ. ಅವರ ಲೈಸೆನ್ಸ್ ನಂಬರ್ ಕೇಳಿ, ಅಲ್ಲಿ ಹಾಕಿ ನೋಡಿ. "ನಾನು ಮುಂಬೈನವರ ಸಬ್ ಏಜೆಂಟ್" ಅಂದರೆ ಅಲ್ಲಿಗೆ ಮಾತು ಮುಗಿಸಿ, ಸಬ್ ಏಜೆಂಟ್ ಅನ್ನೋದಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ.

ವಿಸಿಟ್ ವೀಸಾದಲ್ಲಿ ಕ್ಲಾಸ್ ತಗೊಳ್ಳೋದು ಕಾನೂನುಬಾಹಿರ. ಸಿಕ್ಕಿಬಿದ್ದರೆ ಶಾಲೆಗೆ ದಂಡ, 2024ರ ತಿದ್ದುಪಡಿ ಆದಮೇಲೆ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ. ನಿಮಗೆ ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ನೀವು ಕೆಲಸ ಮಾಡಿದ್ದಕ್ಕೆ ಕಾಂಟ್ರಾಕ್ಟ್ ಇರಲ್ಲ. ಎರಡು ತಿಂಗಳು ಪಾಠ ಮಾಡಿಸಿಕೊಂಡು "ಅಪ್ರೂವಲ್ ಬಂದಿಲ್ಲ, ಹೋಗಿ" ಅಂದರೆ ಏನು ತೋರಿಸ್ತೀರಿ? ದುಬೈನಲ್ಲಿ ಖಾಸಗಿ ಶಾಲೆಯ ಟೀಚರ್‌ಗೆ ಕೆಎಚ್‌ಡಿಎ ಅನ್ನೋ ಶಿಕ್ಷಣ ಪ್ರಾಧಿಕಾರದ ಒಪ್ಪಿಗೆ ಬೇಕು. ಅಬುಧಾಬಿಯಲ್ಲಿ ಇದಕ್ಕೆ ಅಡೆಕ್, ಶಾರ್ಜಾದಲ್ಲಿ ಎಸ್‌ಪಿಇಎ. ಶಾಲೆಯವರಿಗೆ ನೀವು ನಿಜವಾಗಿ ಬೇಕಾಗಿದ್ದರೆ ಇಲ್ಲಿದ್ದಾಗಲೇ ಕಾರ್ಮಿಕ ಸಚಿವಾಲಯದ ಆಫರ್ ಲೆಟರ್ ಕಳಿಸಿ, ನಿಮ್ಮ ಸಹಿ ತಗೊಂಡು, ಎಂಪ್ಲಾಯ್‌ಮೆಂಟ್ ಎಂಟ್ರಿ ಪರ್ಮಿಟ್ ತೆಗೆಸಿ ಕಳಿಸ್ತಾರೆ. ಅದು ಕೈಗೆ ಬಂದ ದಿನ ರಾಜೀನಾಮೆ ಬರೆಯಿರಿ. ನಿಮ್ಮ ಶಾಲೆಯ ನೋಟಿಸ್ ಅವಧಿ ಎಷ್ಟು ಅಂತ ಮಾತ್ರ ಈಗಲೇ ನೋಡಿಟ್ಟುಕೊಳ್ಳಿ.

ಇನ್ನೊಂದು, ಆ 4,500 ಅನ್ನೋದು ಬೇಸಿಕ್ ಎಷ್ಟು, ಮನೆ ಬಾಡಿಗೆ ಎಷ್ಟು, ಓಡಾಟಕ್ಕೆ ಎಷ್ಟು ಅಂತ ಒಡೆದು ಬರೆಸಿಕೊಳ್ಳಿ. ಕೆಲಸ ಬಿಟ್ಟಾಗ ಸಿಗೋ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ. ಒಂದು ವರ್ಷ ಪೂರೈಸಿದರೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ 30 ದಿನದ್ದು. ಬೇಸಿಕ್ 1,500 ಅಂತ ಇಟ್ಟು ಮಿಕ್ಕಿದ್ದೆಲ್ಲ ಅಲೋಯನ್ಸ್ ಅಂತ ತೋರಿಸೋ ಶಾಲೆಗಳಿವೆ. ತಿಂಗಳ ಕೊನೆಗೆ ವ್ಯತ್ಯಾಸ ಗೊತ್ತಾಗಲ್ಲ, ಬಿಟ್ಟು ಬರೋವಾಗ ಗೊತ್ತಾಗುತ್ತೆ.

ಶ್ರೀನಿವಾಸಪುರ_ಮಾವು

ಸಾರ್ ಸುಮ್ನೆ ಹೆದರಿಸಬೇಡಿ. ನಮ್ಮ ಭಾವ ವಿಸಿಟ್ ವೀಸಾದಲ್ಲೇ ಹೋಗಿದ್ದು, ಅಲ್ಲೇ ಕೆಲಸ ಹುಡುಕಿಕೊಂಡು ವೀಸಾ ಬದಲಾಯಿಸಿಕೊಂಡರು, ಇವತ್ತಿಗೂ ಚೆನ್ನಾಗಿದ್ದಾರೆ. ಎಲ್ಲಾ ರೂಲ್ಸ್ ಪ್ರಕಾರ ಅಂತ ಕೂತರೆ ನಮ್ಮ ಕಡೆಯವರು ಯಾರೂ ಊರು ಬಿಟ್ಟು ಹೊರಡಲ್ಲ.

ಮುಳಬಾಗಿಲು_ಮೇಷ್ಟ್ರು

ನಿಮ್ಮ ಭಾವ ಮಾಡಿದ್ದು ತಪ್ಪು ಅಂತ ನಾನು ಹೇಳಿಲ್ಲ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಹುಡುಕಬಹುದು, ಸಿಕ್ಕಮೇಲೆ ಅಲ್ಲಿದ್ದುಕೊಂಡೇ ವೀಸಾ ಬದಲಾಯಿಸಬಹುದು. ಬದಲಾಗೋ ಮುಂಚೆ ದುಡಿಯೋ ಹಾಗಿಲ್ಲ, ಅಷ್ಟೇ. ಭಾವ ತನ್ನ ದುಡ್ಡಲ್ಲಿ ಹುಡುಕೋಕೆ ಹೋದರು. ಈ ಮೇಡಂಗೆ ಕೆಲಸ ಆಗಿದೆ ಅಂತ ಹೇಳಿ ದುಡ್ಡು ಕೇಳ್ತಿದ್ದಾರೆ. ಕೆಲಸ ಆಗಿದ್ದರೆ ವಿಸಿಟ್ ವೀಸಾ ಯಾಕೆ ಬೇಕು ಹೇಳಿ ನೋಡೋಣ?

ಗೌರಿಬಿದನೂರು_ದಾಖಲೆ

ನಾನು ಅಟೆಸ್ಟೇಷನ್, ಅಂದರೆ ಸರ್ಟಿಫಿಕೇಟ್ ಅಸಲಿ ಅಂತ ಕಚೇರಿಗಳಲ್ಲಿ ಸೀಲು ಹಾಕಿಸೋ ಕೆಲಸ ಹತ್ತಿರದಿಂದ ನೋಡಿದವನು, ಅದರ ಬಗ್ಗೆ ಮಾತ್ರ ಹೇಳ್ತೀನಿ. ಕೆಲಸ ಈ ಶಾಲೆಯಲ್ಲಾಗಲಿ ಬೇರೆ ಕಡೆಯಾಗಲಿ, ಇದನ್ನು ಈಗಲೇ ಶುರು ಮಾಡಬಹುದು ಮೇಡಂ, ವ್ಯರ್ಥ ಆಗಲ್ಲ.

ಮೊದಲು ಯೂನಿವರ್ಸಿಟಿ. ಕೋಲಾರದಲ್ಲಿ ಓದಿದ್ದು ಅಂದಿರಿ, ಯಾವ ವರ್ಷ? ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬೇರೆಯಾಗಿದ್ದು 2017ರಲ್ಲಿ. ಅದಕ್ಕೂ ಮುಂಚೆ ಪಾಸಾಗಿದ್ದರೆ ನಿಮ್ಮ ಡಿಗ್ರಿ ಬೆಂಗಳೂರು ವಿಶ್ವವಿದ್ಯಾಲಯದ್ದು. ಪರಿಶೀಲನೆಗೆ ನೀವು ಹೋಗಬೇಕಾದ್ದು ಜ್ಞಾನಭಾರತಿಗೆ, ಮನೆ ಹತ್ತಿರ ಇದೆ ಅಂತ ಉತ್ತರ ವಿಶ್ವವಿದ್ಯಾಲಯ ಇರೋ ಕೋಲಾರದ ಟಮಕಕ್ಕೆ ಹೋಗಿ ಕ್ಯೂ ನಿಂತರೆ ದಿನ ಹಾಳು. ಕಾನ್ವೊಕೇಶನ್ ಸರ್ಟಿಫಿಕೇಟ್ ತಗೊಂಡಿದ್ದೀರಾ? ತುಂಬಾ ಜನ ಮಾರ್ಕ್ಸ್ ಕಾರ್ಡ್, ಪ್ರೊವಿಷನಲ್ ಇಟ್ಟುಕೊಂಡು ಸುಮ್ಮನಾಗಿರ್ತಾರೆ. ಅಲ್ಲಿ ಪ್ರೊವಿಷನಲ್ ನಡೆಯಲ್ಲ.

ಆಮೇಲೆ ರಾಜ್ಯದ ಉನ್ನತ ಶಿಕ್ಷಣ ಇಲಾಖೆ, ಅದಾದಮೇಲೆ ವಿದೇಶಾಂಗ ಸಚಿವಾಲಯ, ಅದಾದಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿ ಹೋದಮೇಲೆ ಅವರ ವಿದೇಶಾಂಗ ಸಚಿವಾಲಯ. ಓಮನ್ ಆಗಿದ್ದರೆ ನಮ್ಮ ವಿದೇಶಾಂಗ ಸಚಿವಾಲಯ ಹಾಕೋ ಅಪೊಸ್ಟಿಲ್ ಅನ್ನೋ ಒಂದೇ ಮುದ್ರೆ ಸಾಕಿತ್ತು, ಅದನ್ನು ಒಪ್ಪೋ ದೇಶಗಳ ಒಪ್ಪಂದ ಇದೆ. ಭಾರತ 2005ರಲ್ಲೇ ಆ ಒಪ್ಪಂದಕ್ಕೆ ಸೇರಿದೆ, ಯುಎಇ ಸೇರಿಲ್ಲ, ಅದಕ್ಕೇ ಇಷ್ಟು ಮೆಟ್ಟಿಲು. ಯಾರಾದರೂ "ಅಪೊಸ್ಟಿಲ್ ಮಾಡಿಸಿದರೆ ದುಬೈಗೆ ಆಗುತ್ತೆ" ಅಂದರೆ ಅವರಿಗೆ ಕೆಲಸ ಗೊತ್ತಿಲ್ಲ ಅಂತ ಅರ್ಥ. ನಮ್ಮ ವಿದೇಶಾಂಗ ಸಚಿವಾಲಯ ನೇರವಾಗಿ ಅರ್ಜಿ ತಗೊಳ್ಳಲ್ಲ, ಅವರು ನೇಮಿಸಿದ ಏಜೆನ್ಸಿಗಳ ಮೂಲಕವೇ ಕೊಡಬೇಕು. ಹಾಗಾಗಿ ಸರ್ಟಿಫಿಕೇಟ್ ಒಂದಲ್ಲ ಒಂದು ಕೈಗೆ ಕೊಡಲೇಬೇಕಾಗುತ್ತೆ, ಆದರೆ ಅದು ರಸೀದಿ ಕೊಡೋ ಕೈಯಾಗಿರಲಿ. ಕೆಲಸ ಕೊಡಿಸೋ ಏಜೆಂಟ್ ಕೈಗೆ ಬೇಡ. ನಾಳೆ ನೀವು ಬೇಡ ಅಂದರೆ ಅದನ್ನು ಬಿಡಿಸಿಕೊಳ್ಳೋಕೇ ಮತ್ತೆ ದುಡ್ಡು ಕೇಳ್ತಾರೆ.

ಹೆಸರಿನ ವಿಷಯ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಹೆಸರು, ಮುಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೋ ಗಂಡನ ಹೆಸರೋ ಪೂರ್ತಿ. ಕೆಲವರದ್ದು ಸರ್‌ನೇಮ್ ಜಾಗ ಖಾಲಿ. ಒಂದೇ ಹೆಸರಿರೋ ಪಾಸ್‌ಪೋರ್ಟ್‌ಗೆ ವಿಸಿಟ್ ವೀಸಾ ವಿಷಯದಲ್ಲಿ 2022ರ ನವೆಂಬರ್‌ನಿಂದ ಯುಎಇ ತಕರಾರು ತೆಗೀತಾ ಇದೆ. ನಿಮ್ಮದು ಹೇಗಿದೆ ಅಂತ ಈಗಲೇ ತೆಗೆದು ನೋಡಿ. ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ಮುಂದೆ ಮಗಳನ್ನು ಕರೆಸೋ ಯೋಚನೆ ಇದ್ದರೆ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಸೇರಿಸಿದ್ದೀರಾ ಅಂತಲೂ ನೋಡಿ. ಯಜಮಾನರಿಗೂ ವೀಸಾ ಮಾಡಿಸೋದಾದರೆ ಮದುವೆ ನೋಂದಣಿ ಆಗಿರಬೇಕು. ಛತ್ರದ ರಸೀದಿ, ಲಗ್ನಪತ್ರಿಕೆ ಅಲ್ಲಿ ನಡೆಯಲ್ಲ.

ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟ್‌ನಲ್ಲೇ ಹಾಕಬಹುದು, ಶುಲ್ಕ 500 ರೂಪಾಯಿ. ಅದನ್ನು ಮಾತ್ರ ತುಂಬಾ ಮುಂಚೆ ಮಾಡಿಸಬೇಡಿ, ಹಳೆಯದಾದರೆ ಮತ್ತೆ ತನ್ನಿ ಅಂತಾರೆ.

ಬಂಗಾರಪೇಟೆ_ಗಣಿತ

ತುಂಬಾ ಥ್ಯಾಂಕ್ಸ್ ಸಾರ್. 2013ರಲ್ಲಿ ಬಿ.ಎಡ್. ಮುಗಿದಿದ್ದು, ಹಾಗಾದರೆ ಜ್ಞಾನಭಾರತಿಗೇ ಹೋಗಬೇಕು. ಕಾನ್ವೊಕೇಶನ್ ಸರ್ಟಿಫಿಕೇಟ್ ಇದೆ, ಆದರೆ ನಮ್ಮಪ್ಪ ಆಗಲೇ ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದಾರೆ. ಗೋಡೆಗೆ ಬೇರೆ ಹಾಕಿದ್ದರು. ಅದು ಪರವಾಗಿಲ್ವಾ?

ಗೌರಿಬಿದನೂರು_ದಾಖಲೆ

ಅಯ್ಯೋ, ಪ್ರತಿ ಮನೆಯದೂ ಇದೇ ಕಥೆ! ಸೀಲು, ಸ್ಟಿಕ್ಕರ್ ಎಲ್ಲಾ ಬೀಳೋದು ಒರಿಜಿನಲ್‌ನ ಹಿಂಭಾಗದಲ್ಲಿ. ಒಂದೊಂದು ಕಚೇರಿಯದೂ ಅಲ್ಲೇ ಸಾಲಾಗಿ ಬರುತ್ತೆ, ಪ್ಲಾಸ್ಟಿಕ್ ಮೇಲೆ ಹಾಕಲ್ಲ. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇಟ್ಟು, ಬ್ಲೇಡ್ ಹಾಕಿ ಬಿಡಿಸೋಕೆ ಹೋಗಬೇಡಿ, ಶಾಯಿ ಸಮೇತ ಎದ್ದು ಬರುತ್ತೆ. ಬೆಂಗಳೂರಿನಲ್ಲಿ ಇದನ್ನೇ ಮಾಡೋರು ಇದ್ದಾರೆ, ಆದರೂ ಸಹಿ ಅಳಿಸಿಹೋಗೋ ಭಯ ಇದ್ದೇ ಇರುತ್ತೆ. ಯೂನಿವರ್ಸಿಟಿಯಲ್ಲಿ ಡೂಪ್ಲಿಕೇಟ್ ಕಾನ್ವೊಕೇಶನ್‌ಗೆ ಅರ್ಜಿ ಹಾಕೋದು ವಾಸಿ. ಟೈಮ್ ಹಿಡಿಯುತ್ತೆ, ಅದಕ್ಕೇ ಇವತ್ತೇ ಶುರು ಮಾಡಿ ಅಂದಿದ್ದು.

ತುಮಕೂರು_ಬಟವಾಡಿ

ಆಡಿಟರ್ ಆಫೀಸ್‌ನಲ್ಲಿ ಕೆಲಸ ಮಾಡ್ತೀನಿ, ತೆರಿಗೆ ಬಗ್ಗೆ ಎರಡು ಮಾತು. ಯುಎಇಯಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ, ಸರಿ. ಇಲ್ಲಿ ತೆರಿಗೆ ಬೀಳುತ್ತಾ ಇಲ್ವಾ ಅನ್ನೋದು ನೀವು ಯಾವ ತಿಂಗಳು ಹೊರಡ್ತೀರಿ ಅನ್ನೋದರ ಮೇಲಿದೆ. ಕೆಲಸಕ್ಕೆ ಅಂತ ಹೊರಟ ವರ್ಷದಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಆ ವರ್ಷ ನೀವು ಅನಿವಾಸಿ, ಅಲ್ಲಿನ ಸಂಬಳ ಇಲ್ಲಿ ಲೆಕ್ಕಕ್ಕೆ ಬರಲ್ಲ. ಆಗಸ್ಟ್ ಕೊನೆಗೆ ಹೊರಟರೆ ಪರವಾಗಿಲ್ಲ. ಅದೇ ಡಿಸೆಂಬರ್‌ಗೆ ಹೋದರೆ ಆ ವರ್ಷ ನಿವಾಸಿಯೇ, ಮಾರ್ಚ್‌ವರೆಗಿನ ದಿರ್ಹಮ್ ಕೂಡ ರಿಟರ್ನ್‌ನಲ್ಲಿ ತೋರಿಸಬೇಕು. ರಜೆಗೆ ಬಂದ ದಿನಗಳೂ ಲೆಕ್ಕಕ್ಕೆ ಬರುತ್ತವೆ, ಪಾಸ್‌ಪೋರ್ಟ್ ಸೀಲು ನೋಡಿ ಎಣಿಸಿಕೊಳ್ಳಿ.

ಈಗಿರೋ ಉಳಿತಾಯ ಖಾತೆಯನ್ನು ಬ್ಯಾಂಕಿಗೆ ಹೇಳಿ ಅನಿವಾಸಿಗಳ ಇಲ್ಲಿನ ಆದಾಯದ ಖಾತೆ, ಅಂದರೆ ಎನ್‌ಆರ್‌ಒ ಮಾಡಿಸಬೇಕು. ಅಲ್ಲಿಂದ ಕಳಿಸೋ ದುಡ್ಡಿಗೆ ಎನ್‌ಆರ್‌ಇ ಖಾತೆ ತೆರೆಯಿರಿ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಇನ್ನು ಜಮೀನು. ನಿಮ್ಮ ಹೆಸರಿನಲ್ಲಿ ಈಗಾಗಲೇ ಇದ್ದರೆ ಇಟ್ಟುಕೊಳ್ಳಬಹುದು. ಆದರೆ ಅನಿವಾಸಿ ಆದಮೇಲೆ ಹೊಸದಾಗಿ ಕೃಷಿ ಜಮೀನು ಕೊಳ್ಳೋ ಹಾಗಿಲ್ಲ. ದುಬೈ ದುಡ್ಡಲ್ಲಿ ಪಕ್ಕದ ಎರಡು ಎಕರೆ ತಗೊಳ್ಳೋಣ ಅಂತಿದ್ದರೆ ನಿಮ್ಮ ಹೆಸರಿಗೆ ರಿಜಿಸ್ಟರ್ ಮಾಡಿಸಬೇಡಿ.

ಚಿಂತಾಮಣಿ_ಅಕ್ಕ

ನಾನು ಈಗ ದುಬೈನಲ್ಲೇ ಪ್ರೈಮರಿ ಟೀಚರ್. ತಂಗಿ, ಮೇಷ್ಟ್ರು ಹೇಳಿದ್ದಕ್ಕೆ ನನ್ನ ಓಟು. ಇಲ್ಲಿಗೆ ಬಂದಮೇಲಿನದ್ದು ಹೇಳ್ತೀನಿ.

ಬ್ಯಾಗ್‌ನಲ್ಲಿ ಗಸಗಸೆ ಹಾಕಬೇಡಿ! ನಗಬೇಡಿ, ನಿಜ. ಹಬ್ಬಕ್ಕೆ ಪಾಯಸ ಮಾಡಲಿ ಅಂತ ಅತ್ತೆ ಪೊಟ್ಟಣ ಕಟ್ಟಿಕೊಡ್ತಾರೆ. ಇಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಏರ್‌ಪೋರ್ಟ್‌ನಲ್ಲೇ ಹಿಡೀತಾರೆ. ಸಾಂಬಾರ್ ಪುಡಿ, ಮಸಾಲೆ ಪುಡಿಗೆ ಹುರಿದು ಹಾಕಿದ್ದಾರಾ ಅಂತಲೂ ಕೇಳಿಕೊಳ್ಳಿ. ವೀಳ್ಯದೆಲೆನೂ ಬೇಡ. ಮಾತ್ರೆ ತಗೊಳ್ಳೋರಾದರೆ ಡಾಕ್ಟರ್ ಚೀಟಿ ಜೊತೆಗಿರಲಿ. ಕೊಡೀನ್ ಇರೋ ಕೆಮ್ಮಿನ ಸಿರಪ್, ಟ್ರಾಮಡಾಲ್ ಥರದ ನೋವಿನ ಮಾತ್ರೆಗೆ ಇಲ್ಲಿ ಮುಂಚೆಯೇ ಅನುಮತಿ ಬೇಕು.

ಬಂದಮೇಲೆ ಮೆಡಿಕಲ್ ಟೆಸ್ಟ್ ಇರುತ್ತೆ, ಎಚ್‌ಐವಿಗೆ ರಕ್ತ, ಟಿಬಿಗೆ ಎದೆಯ ಎಕ್ಸ್‌ರೇ. ಹಿಂದೆ ಯಾವಾಗಲೋ ಟಿಬಿ ಆಗಿ ವಾಸಿಯಾಗಿದ್ದರೂ ಗುರುತು ಉಳಿದಿರಬಹುದು, ಊರಲ್ಲೇ ಒಂದು ಎಕ್ಸ್‌ರೇ ತೆಗೆಸಿ ನೋಡಿಕೊಂಡು ಬನ್ನಿ. ಆರೋಗ್ಯ ವಿಮೆ ಶಾಲೆಯವರೇ ಕೊಡಬೇಕು. ಪಾಸ್‌ಪೋರ್ಟ್ ಮಾತ್ರ ನಿಮ್ಮ ಹತ್ತಿರವೇ ಇರಲಿ, ಆಫೀಸ್‌ನವರು ಇಟ್ಟುಕೊಳ್ಳೋ ಹಾಗಿಲ್ಲ.

ಟ್ಯೂಷನ್ ಲೆಕ್ಕ ಹಾಕಿಕೊಂಡು ಬರ್ತಿದ್ದರೆ ಕೇಳಿ. ಗಣಿತಕ್ಕೆ ಇಲ್ಲಿ ಬೇಡಿಕೆ ಜಾಸ್ತಿ, ಆದರೆ ಪರ್ಮಿಟ್ ಇಲ್ಲದೆ ಮನೆಯಲ್ಲಿ ಹೇಳಿಕೊಡೋ ಹಾಗಿಲ್ಲ. 2023ರ ಡಿಸೆಂಬರ್‌ನಿಂದ ಖಾಸಗಿ ಪಾಠಕ್ಕೆ ಅಂತಲೇ ಎರಡು ವರ್ಷದ ಪರ್ಮಿಟ್ ಕೊಡ್ತಿದ್ದಾರೆ, ಶುಲ್ಕ ಇಲ್ಲ. ವಾಟ್ಸ್‌ಆಪ್‌ನಲ್ಲಿ ಯಾರನ್ನಾದರೂ ಬೈದರೂ ಇಲ್ಲಿ ಕೇಸ್ ಆಗುತ್ತೆ, ಊರಿನ ಗ್ರೂಪಿನಲ್ಲಿ ಜಗಳ ಆಡೋ ಅಭ್ಯಾಸ ಇದ್ದರೆ ಅಲ್ಲೇ ಬಿಟ್ಟು ಬನ್ನಿ.

4,500ರಲ್ಲಿ ಶಾಲೆಯವರು ಇರೋಕೆ ಜಾಗ ಕೊಟ್ಟರೆ ಉಳಿಸಬಹುದು. ಕೊಡದಿದ್ದರೆ ಬೆಡ್ ಸ್ಪೇಸ್‌ನಲ್ಲಿ ಇರಬೇಕಾಗುತ್ತೆ, ಒಂದೇ ರೂಮಲ್ಲಿ ನಾಲ್ಕೈದು ಜನ. ಮಗಳನ್ನು ಕರೆಸೋ ಮಾತಂತೂ ಆ ಸಂಬಳದಲ್ಲಿ ಕಷ್ಟ. ಮಗಳ ಫೀಸ್‌ನಲ್ಲಿ ರಿಯಾಯಿತಿ ಕೊಡ್ತೀರಾ ಅಂತ ಈಗಲೇ ಕೇಳಿ. ಸಹಿ ಹಾಕಿದಮೇಲೆ ಯಾರೂ ಕೊಡಲ್ಲ.

ಬಂಗಾರಪೇಟೆ_ಗಣಿತ

ಅಕ್ಕ, ಗಸಗಸೆ ಮಾತು ಅತ್ತೆಗೆ ಓದಿ ಹೇಳಿದೆ, ನಂಬ್ತಾನೇ ಇಲ್ಲ.

ಏಜೆಂಟ್‌ಗೆ ಲೈಸೆನ್ಸ್ ನಂಬರ್ ಕೇಳಿದೆ. "ನಂಬಿಕೆ ಇಲ್ಲ ಅಂದರೆ ಬಿಡಿ ಮೇಡಂ, ನಿಮ್ಮ ಜಾಗಕ್ಕೆ ಇನ್ನಿಬ್ಬರು ಕಾಯ್ತಾ ಇದ್ದಾರೆ" ಅಂದರು. ನಂಬರ್ ಮಾತ್ರ ಕೊಡಲಿಲ್ಲ. ಶಾಲೆಯ ವೆಬ್‌ಸೈಟ್‌ನಲ್ಲಿರೋ ಇಮೇಲ್‌ಗೆ ನಾನೇ ನೇರವಾಗಿ ಬರೆದಿದ್ದೀನಿ, ನನ್ನ ಇಂಟರ್‌ವ್ಯೂ ಆಗಿದ್ದು ನಿಜವಾ, ಬೇಸಿಕ್ ಎಷ್ಟು, ಎಂಟ್ರಿ ಪರ್ಮಿಟ್ ನೀವೇ ಕಳಿಸ್ತೀರಾ ಅಂತ. ಒಂದೇ ಒಂದು ಡೌಟು ಉಳಿದಿದೆ. ಹೋದಮೇಲೆ ಹಿಡಿಸದಿದ್ದರೆ ವಾಪಸ್ ಬರಬಹುದಾ, ದಂಡ ಕಟ್ಟಬೇಕಾ?

ಮುಳಬಾಗಿಲು_ಮೇಷ್ಟ್ರು

ಬರಬಹುದು. ಪ್ರೊಬೇಷನ್ ಆರು ತಿಂಗಳು ದಾಟೋ ಹಾಗಿಲ್ಲ. ಆ ಅವಧಿಯಲ್ಲಿ ಊರಿಗೆ ವಾಪಸ್ ಬರೋದಾದರೆ 14 ದಿನ ಮುಂಚೆ ಬರೆದುಕೊಟ್ಟರೆ ಸಾಕು. ಅಲ್ಲೇ ಬೇರೆ ಶಾಲೆಗೆ ಹಾರೋದಾದರೆ ಒಂದು ತಿಂಗಳ ನೋಟಿಸ್, ನಿಮ್ಮನ್ನು ಕರೆಸಿದ ಖರ್ಚನ್ನು ಹೊಸ ಶಾಲೆಯವರು ಹಳೆಯವರಿಗೆ ಕೊಡಬೇಕಾಗುತ್ತೆ. ಹೇಳದೆ ಕೇಳದೆ ರಜೆಗೆ ಅಂತ ಬಂದು ಇಲ್ಲೇ ಉಳಿದುಬಿಡಬೇಡಿ. ಹಾಗೆ ಮಾಡಿದರೆ ಕೆಲಸ ಬಿಟ್ಟು ಓಡಿದರು ಅಂತ ದೂರು ಹಾಕ್ತಾರೆ, ಮುಂದೆ ಆ ದೇಶಕ್ಕೆ ಹೋಗೋಕೆ ತೊಂದರೆ. ಬ್ಯಾಂಕ್ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ತೀರಿಸಿಯೇ ಹೊರಡಿ.

ಶಾಲೆಯಿಂದ ಉತ್ತರ ಬಂದರೆ ಆಫರ್ ಲೆಟರ್ ಸಾಲುಗಳನ್ನು ಇಲ್ಲಿ ಹಾಕಿ, ಹೆಸರು ತೆಗೆದು. ಓದಿ ಹೇಳ್ತೀವಿ.