ಮ್ಯುಟೇಶನ್‌ಗೆ ‘ವಿಕೃತಿ’ ಬಿಟ್ಟು ಬೇರೆ ಪದ ಇದೆಯಾ?

ನಮಸ್ಕಾರ. ನಾನು ಕಾಸರಗೋಡಿನ ಪೆರ್ಲದ ಕಡೆ ಕನ್ನಡ ಮಾಧ್ಯಮದ ಹತ್ತನೇ ತರಗತಿಗೆ ಜೀವಶಾಸ್ತ್ರ ಕಲಿಸುವವಳು. ಎರಡು ಪದಗಳ ಬಗ್ಗೆ ಕೇಳಬೇಕಿತ್ತು. ಓಣಂ ರಜೆ ಮುಗಿದ ಕೂಡಲೇ ಜೀನ್ ಪಾಠ ಶುರು ಮಾಡಬೇಕು, ಹಾಗಾಗಿ ಸ್ವಲ್ಪ ಅವಸರವೂ ಇದೆ.

ಮೊದಲನೆಯದು ಮ್ಯುಟೇಶನ್, ಅಂದರೆ ಜೀನ್‌ನ ಅಕ್ಷರಗಳಲ್ಲಿ ಆಗುವ ಬದಲಾವಣೆ. ಇದಕ್ಕೆ ಉತ್ಪರಿವರ್ತನೆ ಅಂತಲೂ ಬರೆಯುತ್ತಾರೆ, ವಿಕೃತಿ ಅಂತಲೂ ಬರೆಯುತ್ತಾರೆ. ಉತ್ಪರಿವರ್ತನೆಯನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅರ್ಥ ಕೇಳಿದರೆ ಸುಮ್ಮನಾಗುತ್ತಾರೆ. ವಿಕೃತಿ ಬೇಗ ತಿಳಿಯುತ್ತದೆ, ನನಗೆ ಕಷ್ಟ ಆಗುವುದು ಅಲ್ಲೇ. ನಮ್ಮದು ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟ ಊರು. ಹೋದ ವರ್ಷ ಆ ಪದ ಬೋರ್ಡಿನ ಮೇಲೆ ಬರೆದೆ. ತರಗತಿ ಮುಗಿದ ಮೇಲೆ ಒಬ್ಬಳು ಹತ್ತಿರ ಬಂದು, ‘ಟೀಚರ್, ನಮ್ಮ ದೊಡ್ಡಣ್ಣನೂ ವಿಕೃತಿಯಾ?’ ಅಂತ ಕೇಳಿದಳು. ಅವನು ಹುಟ್ಟಿದಾಗಿನಿಂದ ಹಾಸಿಗೆಯಲ್ಲೇ ಇದ್ದಾನೆ. ಹುಟ್ಟುವಾಗಲೇ ಇರುವ ತೊಂದರೆಗಳೆಲ್ಲ ಮ್ಯುಟೇಶನ್ ಅಲ್ಲ, ಜೀನ್‌ನ ಒಂದು ಅಕ್ಷರವೂ ಬದಲಾಗದೆ ಹೊಟ್ಟೆಯಲ್ಲಿರುವ ಮಗುವಿಗೆ ಪೆಟ್ಟಾಗಬಹುದು ಅಂತ ನಿಧಾನಕ್ಕೆ ವಿವರಿಸಿದೆ. ಅವಳು ತಲೆಯಾಡಿಸಿದಳು. ನನಗೆ ಮಾತ್ರ ಆ ದಿನ ಊಟ ಸೇರಲಿಲ್ಲ.

ವಿಜ್ಞಾನದ ಲೆಕ್ಕದಲ್ಲೂ ಅದು ಸರಿಯಾದ ಪದ ಅಲ್ಲ. ಹಿಮೋಗ್ಲೋಬಿನ್‌ನ ಜೀನ್‌ನಲ್ಲಿ ಒಂದು ಕಡೆ ಜಿಎಜಿ ಅಂತ ಮೂರು ಅಕ್ಷರ ಇರಬೇಕಾದದ್ದು ಜಿಟಿಜಿ ಆದರೆ ಪ್ರೋಟೀನಿನಲ್ಲಿ ಗ್ಲುಟಾಮಿಕ್ ಆಮ್ಲ ಅನ್ನುವ ಅಮೈನೋ ಆಮ್ಲದ ಜಾಗಕ್ಕೆ ವ್ಯಾಲಿನ್ ಅನ್ನುವ ಇನ್ನೊಂದು ಬಂದು ಕೂರುತ್ತದೆ. ಇಂಥ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುವ ಸಿಕಲ್ ಸೆಲ್ ಕಾಯಿಲೆ. ಆದರೆ ಅದೇ ಜಿಎಜಿ ಜಿಎಎ ಆದರೆ? ಏನೂ ಆಗುವುದಿಲ್ಲ, ಅದರ ಅರ್ಥವೂ ಗ್ಲುಟಾಮಿಕ್ ಆಮ್ಲವೇ. ಇನ್ನು ಅಡಿಕೆಯ ಹಿರೇಹಳ್ಳಿ ಗಿಡ್ಡ ತಳಿ ನೋಡಿ. ತುಮಕೂರಿನ ಹಿರೇಹಳ್ಳಿಯಲ್ಲಿ ತಾನಾಗಿ ಆದ ಮ್ಯುಟೇಶನ್ ಅದು. ಅದರ ಅಡಿಕೆ ಅಷ್ಟೇನೂ ಚೆನ್ನಾಗಿಲ್ಲ. ಆದರೆ ಸುಮಂಗಲ, ಮೋಹಿತ್‌ನಗರ ತಳಿಗಳ ಜೊತೆ ಸೇರಿಸಿ ವಿಟ್ಲದಲ್ಲಿ ಗಿಡ್ಡ ಹೈಬ್ರಿಡ್ ಮಾಡಿದ್ದಾರೆ. ಮರ ಹತ್ತಿ ಮದ್ದು ಬಿಡುವವರು ಸಿಗದ ಈ ಕಾಲದಲ್ಲಿ ಅದು ನಮಗೆ ಎಷ್ಟು ಬೇಕಾದದ್ದು ಅಲ್ವಾ, ಅದನ್ನು ವಿಕೃತಿ ಅನ್ನಲು ಬಾಯಿ ಬರುತ್ತದೆಯೇ?

ನನಗೆ ಹೊಳೆದದ್ದು ‘ಪಲ್ಲಟ’. ಅಕ್ಷರಪಲ್ಲಟ ಅಂದರೆ ಇನ್ನೂ ಸ್ಪಷ್ಟ. ಓಲೆಗರಿ ನಕಲು ಮಾಡುವಾಗ ಒಂದು ಅಕ್ಷರ ಹೆಚ್ಚು ಕಡಿಮೆಯಾಗಿ ಹುಟ್ಟುವ ಪಾಠಾಂತರಕ್ಕೂ ಇದಕ್ಕೂ ತುಂಬಾ ಹೋಲಿಕೆ ಇದೆ, ಆ ಪದವೂ ಒಳ್ಳೆಯದು ಕೆಟ್ಟದು ಅಂತ ತೀರ್ಪು ಕೊಡುವುದಿಲ್ಲ, ಆದರೆ ಮಕ್ಕಳಿಗೆ ಪಾಠ ಅಂದರೆ ಪುಸ್ತಕದ ಪಾಠ.

ಎರಡನೆಯದು ಜೀನ್ ಎಡಿಟಿಂಗ್. ಪತ್ರಿಕೆಗಳಲ್ಲಿ ‘ಜೀನ್ ಸಂಪಾದನೆ’ ಅಂತ ನೋಡಿದ್ದೇನೆ. ಗ್ರಂಥಸಂಪಾದನೆ ಗೊತ್ತಿರುವವರಿಗೆ ಅದು ಸರಿ. ನಮ್ಮ ಮಕ್ಕಳಿಗೆ ಸಂಪಾದನೆ ಅಂದರೆ ದುಡಿಮೆ, ಮಲಯಾಳದ ‘ಸಂಪಾದ್ಯ’ವೂ ಕೂಡಿಟ್ಟ ಹಣವೇ. ಹಾಗಾಗಿ ಇಷ್ಟು ದಿನ ‘ಜೀನ್ ತಿದ್ದುವುದು’ ಅನ್ನುತ್ತಿದ್ದೆ. ಈಗ ಅದರಲ್ಲೂ ಅನುಮಾನ ಬಂದಿದೆ. ಜೀನ್ ಅನ್ನು ಬೇಕಾದ ಜಾಗದಲ್ಲಿ ಕತ್ತರಿಸುವ ಕ್ರಿಸ್ಪರ್ ಕತ್ತರಿಯ ದಾರಿ ತೋರಿಸಿದ್ದು 2012ರಲ್ಲಿ, ಅದಕ್ಕೆ ವಿಜ್ಞಾನಿಗಳಾದ ಶಾರ್ಪಾಂಟಿಯೆ ಮತ್ತು ಡೌಡ್ನಾ ಅವರಿಗೆ 2020ರ ನೊಬೆಲ್ ಬಂತು. ಅದರಿಂದ ಮಾಡಿದ ಸಿಕಲ್ ಸೆಲ್ ಚಿಕಿತ್ಸೆ ಕ್ಯಾಸ್‌ಜೆವಿಗೆ 2023ರ ನವೆಂಬರಿನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು. ಆದರೆ ಅದು ಆ ಜಿಟಿಜಿಯನ್ನು ತಿದ್ದುವುದೇ ಇಲ್ಲ! ಹೊಟ್ಟೆಯಲ್ಲಿದ್ದಾಗ ತಯಾರಾಗುವ ಹಿಮೋಗ್ಲೋಬಿನ್‌ಗೆ ಆಮೇಲೆ ತಡೆ ಹಾಕುವ ಬಿಸಿಎಲ್11ಎ ಅನ್ನುವ ಇನ್ನೊಂದು ಜೀನ್ ಇದೆ. ಆ ಜೀನ್‌ನ ಸ್ವಿಚ್ಚನ್ನು ರಕ್ತಕಣ ಹುಟ್ಟುವ ಕೋಶಗಳಲ್ಲಿ ಕತ್ತರಿಸುತ್ತಾರೆ, ಹಳೆಯ ಹಿಮೋಗ್ಲೋಬಿನ್ ಮತ್ತೆ ಜಾಸ್ತಿ ಬರುತ್ತದೆ. ತಪ್ಪಿದ್ದ ಅಕ್ಷರ ಹಾಗೇ ಇರುತ್ತದೆ, ಸರಿಯಿದ್ದದ್ದನ್ನು ಕತ್ತರಿಸಿದ್ದು. ಇದಕ್ಕೆ ತಿದ್ದುವುದು ಅನ್ನಬಹುದಾ? ತಿದ್ದುವುದು ಅಂದ ಕೂಡಲೇ ಮೊದಲಿದ್ದದ್ದು ತಪ್ಪು ಅಂತ ಆಗುತ್ತದೆ.

‘ಜೀನ್ ಮಾರ್ಪಾಟು’ ಅಂದರೆ ಕುಲಾಂತರಿಯ ಜೊತೆ ಬೆರೆತು ಹೋಗುತ್ತದೆ, ಬೇರೆ ಜೀವಿಯ ಜೀನ್ ತಂದು ಸೇರಿಸುವುದು ಅಂತಲೇ ಮಕ್ಕಳು ತಿಳಿಯುತ್ತಾರೆ. ‘ಜೀನ್ ಕತ್ತರಿಕೆ’ ಹೇಗೆ? ಅಥವಾ ಎಡಿಟಿಂಗ್ ಅಂತಲೇ ಬಿಡಬಹುದು, ಮೊಬೈಲಿನಲ್ಲಿ ವಿಡಿಯೋ ಎಡಿಟ್ ಮಾಡುವ ಮಕ್ಕಳಿಗೆ ಅದು ಹೊಸತಲ್ಲ.

ಪಲ್ಲಟವನ್ನು ಈ ಅರ್ಥದಲ್ಲಿ ಯಾರಾದರೂ ಬಳಸಿದ್ದೀರಾ? ಗಡಿಯಾಚೆ ಕರ್ನಾಟಕದ ಶಾಲೆಗಳಲ್ಲಿ ಬಾಯಿಮಾತಿಗೆ ಏನು ಹೇಳುತ್ತೀರಿ? ತೋಟದಲ್ಲಿ ಒಂದು ಗಿಡ ಮಾತ್ರ ಬೇರೆ ತರ ಬಂದರೆ ನಿಮ್ಮ ಕಡೆ ಹಿರಿಯರು ಅದಕ್ಕೆ ಏನಾದರೂ ಹೆಸರಿಡುತ್ತಿದ್ದರಾ? ಇದ್ದರೆ ದಯವಿಟ್ಟು ತಿಳಿಸಿ, ತುಳು ಅಥವಾ ಹವ್ಯಕ ಮಾತಾದರೂ ಆದೀತು.