ತೋಟದ ಲೈನಿನಲ್ಲಿ (ಆಳುಗಳ ಮನೆ ಸಾಲಿನಲ್ಲಿ) ಹತ್ತು ವರ್ಷದ ಆರೋಗ್ಯ ಅಧ್ಯಯನವಂತೆ, ಒಪ್ಪಬಹುದಾ?

ಮೂಡಿಗೆರೆ ರೈಟರ್:
ಮೂಡಿಗೆರೆ ಹತ್ತಿರದ ಕಾಫಿ ತೋಟವೊಂದರಲ್ಲಿ ನಾನು ರೈಟರ್, ಹಾಜರಿ ಬರೆಯುವವನು. ಸಂಶೋಧನೆಯವರು ಬಂದಿದ್ದರು. ಔಷಧಿ ಸಿಂಪಡಣೆ, ಸೌದೆ ಒಲೆಯ ಹೊಗೆ ಇವುಗಳಿಂದ ಏನಾಗುತ್ತದೆ ಅಂತ ಅದೇ ಜನರನ್ನು ಹತ್ತು ವರ್ಷ ನೋಡುತ್ತಾರಂತೆ. ವರ್ಷಕ್ಕೊಮ್ಮೆ ರಕ್ತ, ಮೂತ್ರ, ಊದಿಸಿ ನೋಡುವ ಶ್ವಾಸಕೋಶದ ಪರೀಕ್ಷೆ. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಕೊಟ್ಟರೆ ಹೆಸರು ಆರಿಸಿಕೊಳ್ಳುತ್ತೇವೆ ಅಂದರು. ಸಾಹುಕಾರರು "ನೀನೇ ನೋಡಪ್ಪ" ಅಂತ ನನ್ನ ತಲೆಗೆ ಕಟ್ಟಿದ್ದಾರೆ.

ಚೆಕ್‌ರೋಲಿನಲ್ಲಿ ಇರುವುದು ಕಾಯಂ ಆಳುಗಳು ಮಾತ್ರ. ಔಷಧಿ ಹೊಡೆಯುವುದು ಜಾಸ್ತಿ ಕಂಟ್ರಾಕ್ಟ್ ಗ್ಯಾಂಗ್. ಅವರ ಹೆಸರು ಮೇಸ್ತ್ರಿ ಪುಸ್ತಕದಲ್ಲಿ, ಅದೂ ಅರ್ಧಂಬರ್ಧ. ಕೊಯ್ಲಿಗೆ ಬರುವ ಅಸ್ಸಾಮಿನವರು ಮಾರ್ಚ್ ಕಳೆದರೆ ಇರುವುದಿಲ್ಲ. ಹಿಂದೊಮ್ಮೆ ಯಾವುದೋ ಕ್ಯಾಂಪಿನವರು ರಕ್ತ ತೆಗೆದುಕೊಂಡು ಹೋಗಿ ರಿಪೋರ್ಟೇ ಕೊಡಲಿಲ್ಲ. ಆ ಸಿಟ್ಟು ಲೈನಿನಲ್ಲಿ ಇನ್ನೂ ಇದೆ.

ಫೀಲ್ಡ್ ನರ್ಸ್, ಹಾಸನ:
ಒಪ್ಪಿ. ಆದರೆ ಚೆಕ್‌ರೋಲ್ ಒಂದನ್ನೇ ಕೊಡಬೇಡಿ, ಮೇಸ್ತ್ರಿ ಪುಸ್ತಕವೂ ಬೇಕು ಅಂತ ಅವರಿಗೇ ಹೇಳಿ. ಕಾಯಿಲೆ ಬಿದ್ದವರು ಲೈನ್ ಬಿಟ್ಟು ಊರಿಗೆ ಹೋಗುತ್ತಾರೆ. ಗಟ್ಟಿಯಾಗಿ ಉಳಿದವರನ್ನೇ ಅಳೆದರೆ ತೋಟದಲ್ಲಿ ಎಲ್ಲಾ ಸರಿ ಇದೆ ಅಂತಲೇ ಲೆಕ್ಕ ಬರುತ್ತದೆ. ಹೋದವರನ್ನು ಹೇಗೆ ಹುಡುಕುತ್ತೀರಿ ಅಂತ ಕೇಳಿ. ಫೋನ್ ನಂಬರ್ ಬದಲಾಗುತ್ತಲೇ ಇರುತ್ತದೆ, ಊರಿನ ಅಣ್ಣನದೋ ಅತ್ತೆಯದೋ ನಂಬರನ್ನೂ ಬರೆದುಕೊಳ್ಳಬೇಕು.

ವರ್ಷಕ್ಕೊಮ್ಮೆ ಮೂತ್ರ ಅಂದರೆ ಯಾವ ತಿಂಗಳು? ಆರ್ಗನೋಫಾಸ್ಫೇಟ್ ಅನ್ನುವ ಕೀಟನಾಶಕಗಳ ಗುರುತು ಮೂತ್ರದಲ್ಲಿ ಕೆಲವೇ ದಿನ ಇರುತ್ತದೆ. ಸಿಂಪಡಣೆ ಮುಗಿದು ತಿಂಗಳಾದ ಮೇಲೆ ಬಂದರೆ ಬಾಟಲಿ ತುಂಬುತ್ತದೆ, ಅಷ್ಟೇ. ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ ಕದಡುವವರ ಕೈ ನೀಲಿಯಾಗುತ್ತದಲ್ವಾ, ಅದು ಮಳೆಗೆ ಮುಂಚೆ. ಕೊಯ್ಲಿನಲ್ಲಿ ಬಂದು ಪರೀಕ್ಷೆ ಮಾಡುವವರಿಗೆ ಅದು ಕಾಣುವುದೇ ಇಲ್ಲ.

ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಕಾಯುವವರ ಕೂಲಿ ಯಾರು ಕೊಡುತ್ತಾರೆ? ಕಳೆದ ಕೂಲಿ, ಬಸ್ ಚಾರ್ಜು ಕೊಡಬಹುದು ಅಂತ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲೇ ಇದೆ. ಓದಲು ಬಾರದವರಿಗೆ ತಂಡಕ್ಕೆ ಸಂಬಂಧವಿಲ್ಲದ ಸಾಕ್ಷಿಯೂ ಬೇಕು. ಆ ಸಾಕ್ಷಿ ನೀವಾಗಬೇಡಿ. ಬೇಜಾರು ಮಾಡಿಕೊಳ್ಳಬೇಡಿ, ಹಾಜರಿ ಹಾಕುವ ರೈಟರ್ ಪಕ್ಕದಲ್ಲಿ ನಿಂತರೆ ಯಾರೂ "ಬೇಡ" ಅನ್ನುವುದಿಲ್ಲ.

ಆಲೂಗಡ್ಡೆ ಹೊಲ:
ತೋಟದವರಿಗಾದರೂ ಚೆಕ್‌ರೋಲ್ ಇದೆ. ಇಲ್ಲಿ ಹಾಸನದ ಕಡೆ ಅಂಗಮಾರಿ ರೋಗಕ್ಕೆ ಮ್ಯಾಂಕೋಜೆಬ್ ಔಷಧಿ ಹೊಡೆಯುವುದು ಮನೆಯವರೇ. ಡ್ರಮ್ಮಿನಲ್ಲಿ ಕಲಸಿಕೊಡುವುದು ಹೆಂಡತಿ. ಸಿಂಪಡಿಸುವವರು ಯಾರು ಅಂತ ಕೇಳಿದರೆ ಗಂಡನ ಹೆಸರು ಮಾತ್ರ ಬರೆದುಕೊಳ್ಳುತ್ತಾರೆ.

ಫೀಲ್ಡ್ ನರ್ಸ್, ಹಾಸನ:
ಸರಿಯಾಗಿ ಹೇಳಿದಿರಿ. ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ ಹೊಲದ ಕೆಲಸದ ಕುಟುಂಬಗಳ ಗರ್ಭಿಣಿಯರನ್ನು 1999ರಿಂದ ಸೇರಿಸಿಕೊಂಡು, ಅವರ ಭಾಷೆ ಸ್ಪ್ಯಾನಿಷ್‌ನಲ್ಲೇ ಮಾತಾಡಿಸಿ, ಮಕ್ಕಳನ್ನೂ ವರ್ಷಗಟ್ಟಲೆ ನೋಡಿದರು. ತಾಯಿಯ ಮೂತ್ರದಲ್ಲಿ ಆರ್ಗನೋಫಾಸ್ಫೇಟ್ ಗುರುತು ಜಾಸ್ತಿ ಇದ್ದಾಗ, ಏಳು ವರ್ಷದ ಮಕ್ಕಳ ಐಕ್ಯೂ ಕಡಿಮೆ ಕಂಡಿತು. ಗಂಡಸರನ್ನಷ್ಟೇ ಬರೆದುಕೊಂಡಿದ್ದರೆ ಇದು ಸಿಗುತ್ತಿತ್ತಾ? ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಹೃದ್ರೋಗದ ಅಧ್ಯಯನ 1948ರಲ್ಲಿ 5,209 ಜನರಿಂದ ಶುರುವಾಯಿತು, ಹೆಚ್ಚುಕಮ್ಮಿ ಎಲ್ಲರೂ ಬಿಳಿಯರು. ಬೇರೆ ಜನಾಂಗದವರಿಗೆ ಅಂತಲೇ ಗುಂಪು ಮಾಡಿದ್ದು 1994ರಲ್ಲಿ. ನಿಮ್ಮ ತಂಡ ಅಸ್ಸಾಮಿನವರ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತದೆ?

ಮೂಡಿಗೆರೆ ರೈಟರ್:
ಕನ್ನಡ ಫಾರಂ ಮಾತ್ರ ತಂದಿದ್ದರು. ನಾಳೆ ಫೋನ್ ಮಾಡುತ್ತೇನೆ. ಬಟವಾಡೆ ದಿನ ಸಂಜೆ ಬರಲಿ, ಎಲ್ಲರೂ ಸಿಗುತ್ತಾರೆ, ನಾನು ಆಫೀಸಿನಲ್ಲೇ ಇರುತ್ತೇನೆ. ಮೇಸ್ತ್ರಿಗೆ ಪುಸ್ತಕ ಕೇಳಿದೆ. "ನಂಗೆಷ್ಟು ಕೊಡ್ತಾರೆ?" ಅಂದ.